ಬೊಮ್ಮಪ್ಪನ ಬೈಕಿಗೆ ಹಾಕಿದ ದೊಡ್ಡ ಎಂಜಿನ್

ರಾಯದುರ್ಗದಲ್ಲಿ ಬೈಕ್ ಬಿಚ್ಚುವವರು ಬಹಳ ಮಂದಿ ಇದ್ದಾರೆ. ಬಿಚ್ಚಿದ್ದನ್ನು ಸರಿಯಾಗಿ ಕೂಡಿಸುವವನು ಈ ಓಬುಲೇಶ್ ಒಬ್ಬನೇ ಎಂದು ನಾನು ತಿಳಿದಿದ್ದೆ, ಬೇರೆಯವರಿಗೂ ತಿಳಿಸುತ್ತಿದ್ದೆ. ಬಳ್ಳಾರಿ ರಸ್ತೆಯಲ್ಲಿ ನನ್ನ ಗ್ಯಾರೇಜು. ಜೀನ್ಸ್ ಹೊಲಿಯುವವರ ಗಾಡಿ, ಶೇಂಗಾ ವ್ಯಾಪಾರಿಗಳ ಗಾಡಿ, ಮೇಷ್ಟ್ರುಗಳ ಗಾಡಿ ಎಲ್ಲ ನನ್ನಲ್ಲಿಗೇ ಬರುತ್ತವೆ. ಗಾಡಿ ತಿರುವಿನಲ್ಲಿ ಇರುವಾಗಲೇ ಸಪ್ಪಳ ಕೇಳಿ ರೋಗ ಇಂಥದ್ದು ಎಂದು ಹೇಳಬಲ್ಲೆ. ಕೆಟ್ಟ ಸಪ್ಪಳ ಕೇಳಿದರೆ ನನಗೆ ಮೈ ಉರಿಯುತ್ತದೆ. ಮಂದಿ ಅದನ್ನು ಸಹಿಸಿಕೊಂಡು ಓಡಾಡುವುದನ್ನು ಕಂಡರೆ ಇನ್ನೂ ಉರಿಯುತ್ತದೆ.

ಆರು ವರ್ಷ ನನ್ನನ್ನು ಹಾಗೆ ಉರಿಸಿದವನು ಬೊಮ್ಮಪ್ಪ. ಭೈರವಾನಿತಿಪ್ಪ ಡ್ಯಾಮಿನ ಹತ್ತಿರದ ಹಳ್ಳಿಯ ಕುರಿಗಾರ, ಅರವತ್ತು ದಾಟಿದವನು. ನೂರಿಪ್ಪತ್ತು ಕುರಿ ಇವೆ. ಭತ್ತ ಕೊಯ್ದ ಮೇಲೆ ಹೆಂಡತಿ ದುರುಗಕ್ಕನ ಜೊತೆ ಹಿಂಡು ಹೊಡೆದುಕೊಂಡು ಬೊಮ್ಮನಹಾಳ್ ಕಡೆಯ ಕಾಲುವೆ ಗದ್ದೆಗಳಿಗೆ ಹೋಗುತ್ತಾನೆ. ಇವತ್ತು ಒಬ್ಬರ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ನಾಲ್ಕು ದಿನ ಬಿಟ್ಟು ಇನ್ನೊಬ್ಬರ ಗದ್ದೆಯಲ್ಲಿ. ಕುರಿಗಳಿಗೆ ಮೇವು, ಗದ್ದೆಗೆ ಗೊಬ್ಬರ. ಆರು ವರ್ಷದ ಹಿಂದೆ ಕಾಲುವೆ ಏರಿಯಿಂದ ಬಿದ್ದು ಅವನ ಮೊಣಕಾಲಿನ ಚಿಪ್ಪು ಒಡೆಯಿತು. ಬಳ್ಳಾರಿಯಲ್ಲಿ ತಂತಿ ಹಾಕಿ ಕೂಡಿಸಿದರು, ಆದರೆ ನಡೆಯಬೇಡ ಎಂದರು. ಕುರಿಗಾರನಿಗೆ ನಡೆಯಬೇಡ ಎಂದರೆ ಏನು ಹೇಳಿದ ಹಾಗೆ? ಅವನು ಒಂದು ಹಳೆಯ ನೂರು ಸಿಸಿ ಬೈಕ್ ಕೊಂಡ.

ಅಂದಿನಿಂದ ಹಿಂಡಿನ ಮುಂದೆ ಫಸ್ಟ್ ಗೇರಿನಲ್ಲಿ ಬೊಮ್ಮಪ್ಪ, ಹಿಂದೆ ಕೋಲು ಹಿಡಿದು ದುರುಗಕ್ಕ, ನಡುವೆ ಕುರಿ. ಈಚೆಗೆ ಹುಟ್ಟಿದ, ನಡೆಯಲಾರದ ಮರಿಗಳು ಬೈಕಿನ ಎರಡು ಪಕ್ಕಕ್ಕೆ ಕಟ್ಟಿದ ಬಲೆಯ ಚೀಲದಲ್ಲಿ ತಲೆ ಹೊರಗೆ ಹಾಕಿಕೊಂಡು ಕೂತಿರುತ್ತವೆ. ಸಂಜೆ ಉಪ್ಪು, ಜೋಳ ಹಾಕುವುದೂ ಅದೇ ಬೈಕಿನ ಚೀಲದಿಂದ.

ಆ ಬೈಕಿನ ಟ್ಯಾಪೆಟ್, ಎಂದರೆ ಎಂಜಿನ್ನಿನ ತಲೆಯಲ್ಲಿ ಎರಡು ವಾಲ್ವುಗಳನ್ನು ಒತ್ತುವ ತುಂಡುಗಳು, ಟಕ ಟಕ ಎನ್ನುತ್ತಿತ್ತು. ಒಳಗೆ ಅವನ್ನು ಎತ್ತಿ ಇಳಿಸುವ ಕ್ಯಾಮ್ ಸವೆದಿತ್ತು. ನಾನು ಟ್ಯಾಪೆಟ್ ಬಿಗಿ ಮಾಡಿ ಕಳಿಸಿದರೆ ಎಂಟು ದಿನಕ್ಕೆ ಮತ್ತೆ ಅದೇ ಹಾಡು. "ಕ್ಯಾಮ್ ಬದಲಿಸೋಣ ಬೊಮ್ಮಪ್ಪಣ್ಣ" ಎಂದು ಪ್ರತಿ ಸಲ ಹೇಳುತ್ತಿದ್ದೆ. "ಇರಲಿ ಬಿಡ್ರಿ ಮಿಸ್ತ್ರಿ, ನಡೀತೈತಲ್ಲ" ಎಂದು ಪ್ರತಿ ಸಲ ಹೇಳುತ್ತಿದ್ದ.

ಹೋದ ಡಿಸೆಂಬರಿನಲ್ಲಿ ಅವನೇ ಗ್ಯಾರೇಜಿಗೆ ಬಂದು, ಗಾಡಿಗೆ ಶಕ್ತಿ ಸಾಲದು ಎಂದ.

"ಮರಿ ಹಾಕ್ಕೊಂಡು ಕಾಲ್ವಿ ಏರಿ ಹತ್ತಾಕ ಹೋದ್ರ ನಡುವ ನಿಂತುಬಿಡ್ತೈತ್ರಿ. ಈ ಸಲ ಮರಿ ಜಾಸ್ತಿ ಅದಾವ. ಇಳಿದು ದಬ್ಬಾಕ ನನ್ನ ಕಾಲಿಗೆ ಆಗಂಗಿಲ್ಲ. ಏರಿ ಹತ್ತಿದ್ರ ಸಾಕು, ಮತ್ತೇನೂ ಬ್ಯಾಡ."

ಇದಕ್ಕೆ ಮದ್ದು ಏನು ಎಂದು ನನಗೆ ಗೊತ್ತಿತ್ತು. ಹಿಂದಿನ ಚಕ್ರದಲ್ಲಿ ಚೈನು ಕೂರುವ ಹಲ್ಲುಗಾಲಿ, ಅದೇ ಸ್ಪ್ರಾಕೆಟ್, ತೆಗೆದು ಐದಾರು ಹಲ್ಲು ಹೆಚ್ಚಿರುವುದನ್ನು ಹಾಕಿದರೆ ಮುಗಿಯಿತು. ವೇಗ ಕಡಿಮೆಯಾಗುತ್ತದೆ, ಎಳೆಯುವ ಬಲ ಹೆಚ್ಚುತ್ತದೆ. ಕುರಿಯ ಮುಂದೆ ಹೋಗುವವನಿಗೆ ವೇಗ ಯಾಕೆ? ಅರ್ಧ ಗಂಟೆಯ ಕೆಲಸ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದು ನಾನು, ಬೊಮ್ಮಪ್ಪ ಅಲ್ಲ.

ನನ್ನ ಟೇಬಲ್ಲಿನ ಕೆಳಗೆ ಗೋಣಿಚೀಲ ಹೊದ್ದು ಒಂದು ಎಂಜಿನ್ ಎರಡು ವರ್ಷದಿಂದ ಕೂತಿತ್ತು. ನೂರೈವತ್ತು ಸಿಸಿ, ಐದು ಗೇರು. ಲಾರಿಗೆ ಸಿಕ್ಕಿ ಮುಂಭಾಗ ಚಪ್ಪಟೆಯಾದ ಬೈಕಿನದು, ಎಂಜಿನ್ನಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಬಿಡುವಿದ್ದಾಗಲೆಲ್ಲ ಅದನ್ನು ಬಿಚ್ಚಿ ಹೊಸ ಪಿಸ್ಟನ್ ಹಾಕಿದ್ದೆ, ವಾಲ್ವ್ ಉಜ್ಜಿ ಕೂಡಿಸಿದ್ದೆ, ಗೇರುಗಳ ಹಲ್ಲು ಒಂದೊಂದಾಗಿ ನೋಡಿ ಸವೆದದ್ದನ್ನು ಬದಲಿಸಿದ್ದೆ. ಅದನ್ನು ಓಡಿಸಬೇಕು, ಅದರ ದನಿ ಕೇಳಬೇಕು ಎಂದು ನನಗೆ ಆಸೆ. ಎಂಜಿನ್ ನಂಬರು, ಆರ್‌ಸಿ ಪುಸ್ತಕ ಎಂದು ಕೇಳುವ ಪಟ್ಟಣದ ಗಿರಾಕಿಗಳು ಅದರ ಗೊಡವೆಗೆ ಬರಲಿಲ್ಲ. ಗದ್ದೆಯಲ್ಲಿ ಯಾರು ಕೇಳುತ್ತಾರೆ? ಬೊಮ್ಮಪ್ಪ ನನಗೆ ಬಲೆಗೆ ಬಿದ್ದ ಮೀನಿನ ಹಾಗೆ ಕಂಡ.

"ಸುಮ್ನಿರು ಬೊಮ್ಮಪ್ಪಣ್ಣ. ಏರಿ ಏನು, ನಿನಗೆ ರಾಯದುರ್ಗದ ಬೆಟ್ಟ ಹತ್ತಿಸ್ತೀನಿ" ಎಂದೆ.

ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಹಳೆಯ ಫ್ರೇಮನ್ನು ಕೊಯ್ಯದೆ, ಪಕ್ಕಕ್ಕೆ ಕಬ್ಬಿಣದ ಪಟ್ಟಿ ಕೂಡಿಸಿ ಬೋಲ್ಟಿನಲ್ಲೇ ಎಂಜಿನ್ ನಿಲ್ಲಿಸಿದೆ. ಹೊಸ ಕ್ಲಚ್ ಪ್ಲೇಟು, ಹೊಸ ಚೈನು, ಹೊಸ ಸೈಲೆನ್ಸರ್. ಬಳ್ಳಾರಿ ರಸ್ತೆಯಲ್ಲಿ ಓಡಿಸಿದಾಗ ನಾಲ್ಕನೇ ಗೇರಿನಲ್ಲೇ ಎಂಬತ್ತು ದಾಟಿತು. ವಿಡಿಯೋ ಮಾಡಿಸಿ ಎಲ್ಲ ಗ್ರೂಪಿಗೂ ಹಾಕಿದೆ. ಬೊಮ್ಮಪ್ಪ ಬೈಕಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ ಕಿವಿ ಕೊಟ್ಟು, "ಆ ಸಪ್ಪಳನ ಇಲ್ಲಲ್ರಿ" ಎಂದ. ನಾನು ಅದನ್ನು ಹೊಗಳಿಕೆ ಎಂದುಕೊಂಡು ಹಿಗ್ಗಿದೆ. ಹಳೆಯ ಎಂಜಿನ್ನನ್ನು ಮಡಕಶಿರಾದ ದೊಡ್ಡತಿಮ್ಮಪ್ಪ ಎನ್ನುವವನು ಅದೇ ವಾರ ಒಯ್ದ. ಅವನು ಹಳೆಯ ಬೈಕ್ ಎಂಜಿನ್ನುಗಳಿಂದ ಕಳೆ ತೆಗೆಯುವ ಗಾಡಿ ಮಾಡುತ್ತಾನೆ.

ಆಮೇಲೆ ಎರಡು ಸಲ ಬೊಮ್ಮಪ್ಪನಿಗೆ ಫೋನ್ ಮಾಡಿದೆ. "ಹುಲಿ ಆಗೈತ್ರಿ ಮಿಸ್ತ್ರಿ" ಎಂದ ಎರಡು ಸಲವೂ. ಆ ಮಾತನ್ನೂ ನಾಲ್ಕು ಮಂದಿಯ ಮುಂದೆ ಹೇಳಿಕೊಂಡು ತಿರುಗಿದೆ.

ಇಪ್ಪತ್ತು ದಿನ ಕಳೆದ ಮೇಲೆ ಒಂದು ಭಾನುವಾರ ಬೆಳಿಗ್ಗೆ ದುರುಗಕ್ಕ ಬಸ್ಸಿಳಿದು ನೇರ ಗ್ಯಾರೇಜಿಗೆ ಬಂದಳು. ಒಬ್ಬಳೇ ಬಂದದ್ದನ್ನು ನಾನು ಎಂದೂ ನೋಡಿರಲಿಲ್ಲ.

"ನಾ ಬಂದಿದ್ದು ನಮ್ಮಾತಗ ಗೊತ್ತಾಗಬಾರ್ದು ಮಿಸ್ತ್ರಿ. ನಿನ್ನೆ ನೇಮಕಲ್ಲಿಗೆ ಹೋಗಿ ಹನುಮಪ್ಪಗ ಕಾಯಿ ಒಡ್ಸಿದೆ. ಆತ ಏನೂ ಹೇಳ್ಲಿಲ್ಲ. ಅದಕ್ಕ ನಿಮ್ಮ ಕಡಿ ಬಂದೆ."

"ಯಾಕಕ್ಕ, ಎಂಜಿನ್ನಿಗೆ ಏನಾತು?" ಎಂದೆ. ದನಿ ನನಗೇ ಗೊತ್ತಿಲ್ಲದೆ ಏರಿತು.

"ಎಂಜಿನ್ನಿಗೆ ಏನಾಗೈತಿ, ಬಂಗಾರದಂಗೈತಿ. ಕುರಿ ಅದರ ಹಿಂದ ಬರವಲ್ವು."

ನಾನು ನಕ್ಕೆ. ಅವಳು ನಗಲಿಲ್ಲ.

"ಮೊದಲನೇ ದಿನ ಗಾಡಿ ಗುಂ ಅಂದಕೂಡ್ಲೆ ಕುರಿ ಎಲ್ಲಾ ಚದುರಿ ಬಾಜು ಮೆಣಸಿನಕಾಯಿ ಹೊಲಕ್ಕ ಬಿದ್ವು. ಹೊಲದಾತ ಬಾಯಿಗೆ ಬಂದಂಗ ಬೈದ. ಎಲ್ಡು ಮರಿ ಕಾಲಾಗ ಸಿಕ್ಕು ಸತ್ವು. ಮರುದಿನ ಮತ್ತ ಹಂಗ. ಆ ಹಳೇ ಸಪ್ಪಳ ಕೇಳಿದ್ರ ತಾಯಿ ಕುರಿ ಓಡಿ ಬರ್ತಿದ್ವು. ಅವುಗಳ ಮರಿ ಅದರಾಗ, ಉಪ್ಪು ಅದರಾಗ. ಇದು ಅವಕ್ಕ ಯಾರದೋ ಗಾಡಿ."

"ರೂಢಿ ಆಗ್ತಾವ ಬಿಡಕ್ಕ."

"ಇಪ್ಪತ್ತು ದಿನ ಆತು. ಈಗ ಗಾಡಿ ನಿಲ್ಲಿಸಿ ಕೋಲು ಹಿಡ್ಕೊಂಡು ತಾನಾ ಮುಂದ ನಡೀತಾನ. ಸಂಜಿಗೆ ಮೊಣಕಾಲು ಗಡಿಗಿಯಷ್ಟು ಊದಿರ್ತೈತಿ."

"ಮತ್ತ ನನಗ ಹೇಳಬೇಕಿಲ್ಲೇನು? ಫೋನ್ ಮಾಡಿದ್ರ ಹುಲಿ ಅಂತಾನ."

"ಮಿಸ್ತ್ರಿ ನಾಕು ದಿನ ಕುಂತು ಮಾಡ್ಯಾನ, ಊರಿಗೆಲ್ಲ ತೋರ್ಸ್ಯಾನ, ಏನಂತ ಹೇಳ್ಲಿ, ಮಿಸ್ತ್ರಿ ಮನಸ್ಸಿಗೆ ಬ್ಯಾಸ್ರ ಆಗ್ತೈತಿ ಅಂತಾನ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಮುಂದಿನದನ್ನು ನಿಧಾನವಾಗಿ ಹೇಳಿದಳು. ಗುರುವಾರ ಹತ್ತು ಗಂಟೆಗೆ ಕಲ್ಯಾಣದುರ್ಗದ ಕುರಿ ವ್ಯಾಪಾರಿ ಬರುತ್ತಾನೆ, ಇಡೀ ಹಿಂಡು ಕೊಟ್ಟುಬಿಡುವುದು ಎಂದು ಅವಳೇ ನಿಶ್ಚಯ ಮಾಡಿದ್ದಾಳೆ. ಬೊಮ್ಮಪ್ಪ ಹೂಂ ಅಂದಿಲ್ಲ, ಉಹೂಂ ಅಂದಿಲ್ಲ, ಉಣ್ಣುವುದು ಬಿಟ್ಟಿದ್ದಾನೆ.

"ಕುರಿ ಇಟ್ಕಂಡ್ರ ಕಾಲು ಉಳಿಯಂಗಿಲ್ಲ, ಕುರಿ ಕೊಟ್ರ ಆತ ಉಳಿಯಂಗಿಲ್ಲ. ಏನು ಮಾಡ್ಲಿ, ನೀವಾ ಹೇಳ್ರಿ" ಎಂದಳು.

ನನಗೆ ಮೊದಲು ಬಂದದ್ದು ಸಿಟ್ಟು. ಕುರಿಗಳ ಮೇಲೆ ಸಿಟ್ಟು. ನೂರೈವತ್ತು ಸಿಸಿಯ ಬೆಲೆ ಅವಕ್ಕೇನು ಗೊತ್ತು ಎಂದುಕೊಂಡೆ. ಆ ಸಿಟ್ಟಿನಲ್ಲೇ ಗ್ಯಾರೇಜು ಮುಚ್ಚಿ ಅವಳನ್ನು ನನ್ನ ಬೈಕಿನಲ್ಲಿ ಕೂರಿಸಿಕೊಂಡು ಬೊಮ್ಮನಹಾಳಿಗೆ ಹೋದೆ. ಊರ ಹತ್ತಿರ ಅವಳು ಇಳಿದುಕೊಂಡಳು. ನಾನೊಬ್ಬನೇ ಗದ್ದೆಗೆ ಹೋದೆ.

ಬೊಮ್ಮಪ್ಪ ಕೂಳೆಯ ಗದ್ದೆಯಲ್ಲಿ ಹಿಂಡಿನ ಮುಂದೆ ನಡೆಯುತ್ತಿದ್ದ. ಎಡಗಾಲು ಎತ್ತಿ ಇಡಲಾಗದೆ ಎಳೆಯುತ್ತಿದ್ದ. ನಾಲ್ಕು ಹೆಜ್ಜೆಗೆ ಒಮ್ಮೆ ಕೋಲಿನ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದ. ನನ್ನನ್ನು ಕಂಡದ್ದೇ ಕೋಲನ್ನು ಬದುವಿನ ಹಿಂದೆ ಬಿಸಾಡಿ ನೆಟ್ಟಗೆ ನಿಂತ. ಬೈಕು ಜಾಲಿ ಮರದ ಕೆಳಗಿತ್ತು. ಬಿಸಿಲು, ಮಂಜು ತಾಗದಿರಲಿ ಎಂದು ತನ್ನ ಕಂಬಳಿಯನ್ನೇ ಅದಕ್ಕೆ ಹೊದಿಸಿದ್ದ.

"ಗಾಡಿ ಚೊಲೋ ಐತ್ರಿ ಮಿಸ್ತ್ರಿ. ಇವತ್ತು ಸುಮ್ನ ನಡೀಬೇಕನ್ನಿಸ್ತು."

ನಾನು ಕಂಬಳಿ ತೆಗೆದು ಕಿಕ್ ಹೊಡೆದೆ. ಒಂದೇ ಏಟಿಗೆ ಸ್ಟಾರ್ಟ್. ತುಂಬಿದ, ಮೆದುವಾದ ದನಿ. ಕುರಿಗಳು ಒಟ್ಟಿಗೆ ತಲೆ ಎತ್ತಿದವು, ಒಟ್ಟಿಗೆ ಹಿಂದೆ ಸರಿದವು, ಬೊಮ್ಮಪ್ಪ ಬಾಯಲ್ಲಿ ಕೂಗಿ ಕರೆದರೂ ನಿಲ್ಲದೆ ಗದ್ದೆಯ ಆ ಬದಿಗೆ ಓಡಿಹೋದವು. ಈಗ ಅವನು ಅಷ್ಟು ದೂರ ನಡೆದು ಅವನ್ನು ತಿರುಗಿಸಿ ತರಬೇಕು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು, ನಾಚಿಕೆ ಉಳಿಯಿತು.

"ಹಳೇದನ್ನ ಹಾಕ್ತೀನಿ ಬೊಮ್ಮಪ್ಪಣ್ಣ. ಗುರುವಾರ ಬೆಳಿಗ್ಗೆ ತರ್ತೀನಿ" ಎಂದೆ.

"ಬ್ಯಾಡ್ರಿ. ಇಷ್ಟು ಕಷ್ಟಪಟ್ಟು ಮಾಡೀರಿ."

"ನನ್ನ ಕಷ್ಟದ ಚಿಂತಿ ನಿನಗ ಬ್ಯಾಡ. ಕುಂದ್ರು ನೀನು, ಕುರಿ ನಾ ತಿರುವಿಕೊಂಡು ಬರ್ತೀನಿ."

ಸೋಮವಾರ ಬೊಮ್ಮಪ್ಪನ ಬೈಕನ್ನು ಲಗೇಜ್ ಆಟೋದಲ್ಲಿ ಗ್ಯಾರೇಜಿಗೆ ತರಿಸಿ ದೊಡ್ಡ ಎಂಜಿನ್ ಇಳಿಸಿದೆ. ಮಂಗಳವಾರ ಅದನ್ನು ನನ್ನ ಬೈಕಿನ ಹಿಂದೆ ಹಗ್ಗದಲ್ಲಿ ಬಿಗಿದು ಮಡಕಶಿರಾ ದಾರಿ ಹಿಡಿದೆ. ಮಧ್ಯಾಹ್ನದ ಹೊತ್ತಿಗೆ ದೊಡ್ಡತಿಮ್ಮಪ್ಪನ ರೇಷ್ಮೆ ತೋಟ ಸಿಕ್ಕಿತು. ಬೊಮ್ಮಪ್ಪನ ಹಳೆಯ ಎಂಜಿನ್ ಆಗಲೇ ಕಳೆ ಗಾಡಿಯಾಗಿ ಹಿಪ್ಪುನೇರಳೆ ಸಾಲುಗಳ ನಡುವೆ ಓಡಾಡುತ್ತಿತ್ತು. ನಾನು ಬಂದ ಕಾರಣ ಕೇಳಿ ದೊಡ್ಡತಿಮ್ಮಪ್ಪ ಗಾಡಿ ನಿಲ್ಲಿಸಿ ಬದುವಿನ ಮೇಲೆ ಕೂತು ನಕ್ಕ.

"ಕುರಿಗಳಿಗೋಸ್ಕರ ಎಂಜಿನ್ ತಗಂಡು ಓಗಾಕೆ ಬಂದ್ಯಾ? ನಮ್ ಕಡೆ ಕುರಿಗೆ ಕಾಯ್ಲೆ ಬಂದ್ರೂ ಇಷ್ಟು ದೂರ ಯಾರೂ ಓಗಲ್ಲ ಕಣಪ್ಪ."

"ಅದರ ಬದಲಿಗೆ ಇದನ್ನ ಇಟ್ಕೋ ಯಜಮಾನ" ಎಂದು ಹಗ್ಗ ಬಿಚ್ಚಿ ತೋರಿಸಿದೆ.

ಅವನು ಎದ್ದು ಬಂದು ಗೇರಿನ ಪೆಡಲು ಒತ್ತಿ ಒಂದೊಂದೇ ಎಣಿಸಿದ. "ಐದು ಗೇರಾ? ಕಳೆ ತೆಗಿಯಾಕೆ ಐದು ಗೇರು ಇಟ್ಕಂಡು ಏನ್ ಮಾಡ್ಲಿ? ಇರ್ಲಿ ಬಿಡು, ಮೊದಲನೇದು ಸಾಕು." ಬಳ್ಳಾರಿ ರಸ್ತೆಯಲ್ಲಿ ಎಂಬತ್ತು ದಾಟಿದ್ದ ನನ್ನ ಎಂಜಿನ್ನಿನ ಹಣೆಬರಹ ಹಾಗೆ ತೀರ್ಮಾನವಾಯಿತು.

ಹೊರಡುವಾಗ ಅವನು ಹಳೆಯ ಎಂಜಿನ್ನಿನ ತಲೆ ಸವರಿದ. "ಕ್ಯಾಮ್ ತಿಂದೋಗಿತ್ತು. ಒಸದು ಆಕ್ಸಿದೀನಿ, ಅಳೇದು ಗುಜರಿಗೆ ಓಯ್ತು. ಕೇಳಿದ್ಯಲ್ಲ, ಈಗ ಬೆಣ್ಣೆ ಕಡ್ದಂಗೆ ಐತೆ."

ನನಗೆ ಖುಷಿಯೇ ಆಯಿತು. ಬೊಮ್ಮಪ್ಪನಿಗೆ ಪುಕ್ಕಟೆ ಹೊಸ ಕ್ಯಾಮ್ ಸಿಕ್ಕಿತು ಎಂದುಕೊಂಡು ದಾರಿಯುದ್ದ ಸಿಳ್ಳೆ ಹೊಡೆಯುತ್ತ ಬಂದೆ. ಮೂವತ್ತು ವರ್ಷದ ಅಭ್ಯಾಸ, ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಬುಧವಾರ ಎಂಜಿನ್ ಕೂಡಿಸಿದೆ. ಮಾಳಿಗೆಯ ಮೇಲಿನ ಗುಜರಿ ರಾಶಿಯಿಂದ ಹೊಟ್ಟೆ ತೂತಾದ ಹಳೆಯ ಸೈಲೆನ್ಸರನ್ನೇ ಹುಡುಕಿ ಹಾಕಿದೆ. ಹಿಂದಿನ ಚಕ್ರಕ್ಕೆ ಆರು ಹಲ್ಲು ಹೆಚ್ಚಿನ ಸ್ಪ್ರಾಕೆಟ್ ಹಾಕಿದೆ. ಅದಕ್ಕೆ ಅರ್ಧ ಗಂಟೆಯೂ ಹಿಡಿಯಲಿಲ್ಲ.

ಗುರುವಾರ ಎಂಟು ಗಂಟೆಗೆ ಗದ್ದೆಯಲ್ಲಿದ್ದೆ. ಕುರಿಗಳು ನೂರು ಗಜ ದೂರದಲ್ಲಿ ಮೇಯುತ್ತಿದ್ದವು. ಬೊಮ್ಮಪ್ಪ ಬದುವಿನ ಮೇಲೆ ಕಾಲು ಚಾಚಿ ಕೂತಿದ್ದ. ದುರುಗಕ್ಕ ಬಲೆಯ ಚೀಲಗಳನ್ನು ಬೈಕಿಗೆ ಕಟ್ಟಿ ಮರಿಗಳನ್ನು ಕೂರಿಸಿದಳು. ನಾನು ಕಿಕ್ ಹೊಡೆದೆ.

ಕುರಿಗಳು ಹೆದರಲಿಲ್ಲ, ಓಡಲಿಲ್ಲ. ತಲೆಯನ್ನೇ ಎತ್ತಲಿಲ್ಲ. ರಸ್ತೆಯಲ್ಲಿ ಹೋಗುವ ಹತ್ತು ಬೈಕುಗಳಲ್ಲಿ ಇದೂ ಒಂದು ಎನ್ನುವ ಹಾಗೆ ಮೇಯುತ್ತಲೇ ಇದ್ದವು.

"ಇದು ಅದಲ್ರಿ ಮಿಸ್ತ್ರಿ" ಎಂದ ಬೊಮ್ಮಪ್ಪ, ಮೆತ್ತಗೆ.

"ಅದೇ ಎಂಜಿನ್ನು, ಅದೇ ಸೈಲೆನ್ಸರು."

"ಸೈಲೆನ್ಸರ್ ಅದಾ ಐತಿ. ಮ್ಯಾಲಿಂದು ಇಲ್ಲ. ಟಕ ಟಕ ಅಂತಿತ್ತಲ್ಲ, ಅದು. ನನಗೂ ಗೊತ್ತಿರ್ಲಿಲ್ರಿ, ಅವು ಅದನ್ನ ಕೇಳಿ ಬರ್ತಿದ್ವು ಅಂತ."

ದುರುಗಕ್ಕ ಫೋನಿನಲ್ಲಿ ಗಂಟೆ ನೋಡಿದಳು. ಎಂಟೂವರೆ. ವ್ಯಾಪಾರಿ ಮನೆ ಬಿಟ್ಟಿರಬಹುದು.

ಹಳೆಯ ಕ್ಯಾಮಿನ ಜೊತೆ ಆ ಸಪ್ಪಳವೂ ಗುಜರಿಗೆ ಹೋಗಿತ್ತು. ನಾನು ಸ್ಪ್ಯಾನರ್ ತೆಗೆದುಕೊಂಡು ಬೈಕಿನ ಮುಂದೆ ಕೂತೆ. ಒಳ್ಳೆಯ ಎಂಜಿನ್ನಿನ ಟ್ಯಾಪೆಟ್ಟನ್ನು ಬೇಕೆಂದೇ ಸಡಿಲ ಮಾಡುವುದೆಂದರೆ ಮಲಗಿದ ಮಗುವನ್ನು ಚಿವುಟಿ ಅಳಿಸಿದ ಹಾಗೆ. ಎರಡೂ ಮುಚ್ಚಳ ಬಿಚ್ಚಿ, ನಟ್ ಸಡಿಲಿಸಿ, ಸ್ಕ್ರೂ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಮುಚ್ಚಿ, ಕಿಕ್ ಹೊಡೆದೆ. ಟಿಕ ಟಿಕ ಎಂದಿತು. ಕುರಿಗಳು ಮೇಯುತ್ತಿದ್ದವು.

"ಇನ್ನೂ ದಪ್ಪ ಇತ್ತು" ಎಂದ ಬೊಮ್ಮಪ್ಪ.

ಇನ್ನು ಕಾಲು ಸುತ್ತು. ಕೊರಳಿಗೆ ಗಂಟೆ ಕಟ್ಟಿದ್ದ ಮುದಿ ಕುರಿಯೊಂದು ತಲೆ ಎತ್ತಿತು. ಅದು ಸ್ವಲ್ಪ ಹೊತ್ತು ನೋಡಿ ಮತ್ತೆ ತಲೆ ಬಗ್ಗಿಸಿತು.

ಒಂಬತ್ತು ಗಂಟೆ ಆಯಿತು. ನಾಲ್ಕನೇ ಸಲ, ಐದನೇ ಸಲ. ಬಿಸಿ ಎಂಜಿನ್ನಿಗೆ ತಾಗಿ ಬೆರಳಲ್ಲಿ ಎರಡು ಕಡೆ ಬೊಬ್ಬೆ ಎದ್ದಿತು. ಸಪ್ಪಳ ಈಗ ಸಾಕಷ್ಟು ಕೆಟ್ಟದಾಗಿತ್ತು, ಆದರೂ ಅದು ಬೊಮ್ಮಪ್ಪನ ಗಾಡಿಯ ಸಪ್ಪಳವಲ್ಲ ಎಂದು ನನಗೂ ಗೊತ್ತಾಗುತ್ತಿತ್ತು. ಊರ ಗಾಡಿಗಳ ರೋಗವನ್ನೆಲ್ಲ ತಿರುವಿನಲ್ಲೇ ಹೇಳುವ ನನಗೆ, ಆರು ವರ್ಷ ಬೈದುಕೊಂಡು ಕೇಳಿದ ಆ ಒಂದು ಸಪ್ಪಳ ಹೇಗಿತ್ತು ಎಂದು ನೆನಪಾಗಲಿಲ್ಲ. ಕಿವಿಗೊಟ್ಟು ಕೇಳಿದ್ದರಲ್ಲವೇ ನೆನಪಾಗಲು.

"ಬೊಮ್ಮಪ್ಪಣ್ಣ, ನನಗ ತಿಳಿಯವಲ್ದು. ಹೆಂಗಿತ್ತು, ನೀನಾ ಹೇಳು."

ಅವನು ಕಣ್ಣು ಮುಚ್ಚಿದ. "ಎಲ್ಡು ಸಪ್ಪಳ ಇದ್ವು ಮಿಸ್ತ್ರಿ. ಒಂದು ಒಜ್ಜೆಂದು, ಒಂದು ಹಗುರಂದು. ಎಲ್ಡೂ ಸಮ ಇರ್ಲಿಲ್ಲ." ಆಮೇಲೆ ಕಣ್ಣು ತೆರೆದು, ಹೇಳಲೋ ಬೇಡವೋ ಎನ್ನುವಂತೆ ನೋಡಿ, "ನಾ ನಡದಂಗ" ಎಂದ.

ಎಡಗಾಲು ಎಳೆದು, ಬಲಗಾಲು ಊರಿ. ಅವನು ನಡೆಯುವುದನ್ನು ನಾನು ಭಾನುವಾರ ಕಣ್ಣಾರೆ ನೋಡಿದ್ದೆ. ಎರಡು ಟ್ಯಾಪೆಟ್ಟನ್ನೂ ಸಮವಾಗಿ ಸಡಿಲ ಮಾಡುತ್ತ ಕೂತಿದ್ದೆ ನಾನು, ಕೆಡಿಸುವುದರಲ್ಲೂ ಅಚ್ಚುಕಟ್ಟು. ಗಾಳಿ ಎಳೆಯುವ ವಾಲ್ವಿನದನ್ನು ಸ್ವಲ್ಪ ಬಿಗಿ ಮಾಡಿದೆ. ಹೊಗೆ ಬಿಡುವ ಕಡೆಯದನ್ನು ಇನ್ನೂ ಅರ್ಧ ಸುತ್ತು ಬಿಟ್ಟೆ. ಕಾರ್ಬುರೇಟರ್ ಸ್ಕ್ರೂ ತಿರುಗಿಸಿ, ಇನ್ನೇನು ನಿಂತೇ ಹೋಗುತ್ತದೆ ಎನ್ನುವಷ್ಟು ವೇಗ ಇಳಿಸಿದೆ.

ಕಿಕ್ ಹೊಡೆದೆ. ಟಕ್, ಟಿಕ. ಟಕ್, ಟಿಕ.

ಮುದಿ ಕುರಿ ತಲೆ ಎತ್ತಿತು, ಒಂದು ಸಲ ಕೂಗಿತು, ಓಡತೊಡಗಿತು. ಅದರ ಹಿಂದೆ ಹತ್ತು, ಅವುಗಳ ಹಿಂದೆ ಇಡೀ ಹಿಂಡು. ನಾನು ಏಳುವಷ್ಟರಲ್ಲಿ ನನ್ನ ಸುತ್ತ ಉಣ್ಣೆ, ಧೂಳು, ಕೂಗು. ಸ್ಪ್ಯಾನರ್ ಎಲ್ಲಿ ಬಿತ್ತೋ ತಿಳಿಯಲಿಲ್ಲ. ತಾಯಿ ಕುರಿಗಳು ನನ್ನನ್ನು ಮೊಣಕಾಲಿಗೆ ತಳ್ಳಿ ಚೀಲದ ಮರಿಗಳನ್ನು ಮೂಸಿದವು. ನನಗೆ ಕಣ್ಣಲ್ಲಿ ನೀರು ಬಂತು, ಧೂಳಿಗೆ ಎಂದು ಹೇಳೋಣವೆಂದರೆ ಅಲ್ಲಿ ಯಾರೂ ಕೇಳಲಿಲ್ಲ.

ಬೊಮ್ಮಪ್ಪ ಎದ್ದು ಬಂದು, ಕಷ್ಟಪಟ್ಟು ಕಾಲು ದಾಟಿಸಿ ಸೀಟಿನ ಮೇಲೆ ಕೂತ. ಫಸ್ಟ್ ಗೇರ್ ಹಾಕಿ ಹೊರಟ. ಎದುರಿಗೆ ಕಾಲುವೆ ಏರಿ. ಹದಿನಾಲ್ಕು ಮರಿ ಹೊತ್ತ ಬೈಕು ಎಲ್ಲಿಯೂ ನಿಲ್ಲದೆ ಮೇಲೆ ಹತ್ತಿತು, ಹಿಂಡು ಅದರ ಹಿಂದೆ ಹತ್ತಿತು.

ದುರುಗಕ್ಕ ಕೋಲು ಎತ್ತಿಕೊಂಡು ಹೊರಟವಳು ನಿಂತು, ವ್ಯಾಪಾರಿಗೆ ಫೋನ್ ಹಚ್ಚಿದಳು. "ಅನ್ನಾ, ರಾವದ್ದು. ಗೊರ್ರೆಲು ಅಮ್ಮಟ್ಲೇದು" ಎಂದಳು, ಬರಬೇಡ, ಕುರಿ ಮಾರುತ್ತಿಲ್ಲ ಎಂದು. ಅವನು ಯಾಕೆಂದು ಕೇಳಿರಬೇಕು. ಅವಳು ಏರಿಯ ಕಡೆ ನೋಡುತ್ತ, ಗಂಡನ ಗಾಡಿ ರಿಪೇರಿ ಆಯಿತು, ಈಗ ಚೆನ್ನಾಗಿದೆ ಎಂದು ತೆಲುಗಿನಲ್ಲೇ ಹೇಳಿದಳು.

ಅಷ್ಟು ಕೆಟ್ಟ ಸಪ್ಪಳದ ಎಂಜಿನ್ನನ್ನು ನಾನು ಜನ್ಮದಲ್ಲಿ ಯಾರಿಗೂ ಕೊಟ್ಟಿರಲಿಲ್ಲ. ಅದು ಕಾಲುವೆಯ ಆಚೆ ಇಳಿದು ಕಿವಿಗೆ ಕೇಳದಾಗುವವರೆಗೆ ಅಲ್ಲೇ ನಿಂತಿದ್ದೆ.